ಯಾವ ಸಾಲು ನೋಡಿ ಹಾಗೆ ಹೇಳ್ತೀಯ? ಇಂಗ್ಲಿಷ್ ತರಗತಿಯ ಚರ್ಚೆಯಲ್ಲಿ ಮೊಬೈಲ್‌ಗೆ ಏನು ಕೆಲಸ

ಹೈಸ್ಕೂಲಿನ ಇಂಗ್ಲಿಷ್ ಟೀಚರುಗಳನ್ನು ಕೇಳಿದರೆ ‘ನಮ್ಮ ಕ್ಲಾಸಲ್ಲಿ ಚರ್ಚೆ ಚೆನ್ನಾಗಿ ನಡೆಯುತ್ತೆ’ ಅನ್ನುವವರು ಬೇಕಾದಷ್ಟು ಜನ ಸಿಗುತ್ತಾರೆ. ಹೊತ್ತು ಅಳೆದು ನೋಡಿದವರಿಗೆ ಸಿಕ್ಕ ಲೆಕ್ಕ ಬೇರೆ. ಮಾರ್ಟಿನ್ ನೈಸ್ಟ್ರಾಂಡ್ ಎಂಬ ಸಂಶೋಧಕರು ಜೊತೆಗಾರರನ್ನು ಕಟ್ಟಿಕೊಂಡು ಅಮೆರಿಕದ ಎಂಟು ಮತ್ತು ಒಂಬತ್ತನೇ ತರಗತಿಗಳ ನೂರಕ್ಕೂ ಹೆಚ್ಚು ಇಂಗ್ಲಿಷ್ ಕ್ಲಾಸುಗಳಲ್ಲಿ ಕೂತು ನೋಡಿದರು. 1997ರಲ್ಲಿ ಅದು ಪುಸ್ತಕವಾಗಿ ಬಂತು. ಒಂದು ಪೀರಿಯಡ್ಡಿನಲ್ಲಿ ನಿಜವಾದ ಮುಕ್ತ ಚರ್ಚೆ ನಡೆದದ್ದು ಎಂಟನೇ ತರಗತಿಯಲ್ಲಿ ಸರಾಸರಿ 50 ಸೆಕೆಂಡು. ಒಂಬತ್ತರಲ್ಲಿ 15 ಸೆಕೆಂಡಿಗೂ ಕಡಿಮೆ.

ಹಾಗಂತ ಉಳಿದ ಹೊತ್ತು ಎಲ್ಲರೂ ಸುಮ್ನೆ ಕೂತಿರಲಿಲ್ಲ. ಮಾತು ಧಾರಾಳವಾಗಿಯೇ ಇತ್ತು. ಟೀಚರ್ ಪ್ರಶ್ನೆ ಕೇಳುತ್ತಾರೆ. ಒಬ್ಬ ಹುಡುಗ ಉತ್ತರ ಹೇಳುತ್ತಾನೆ. ಟೀಚರ್ ‘ಗುಡ್’ ಅಂದು ಮುಂದಿನ ಪ್ರಶ್ನೆಗೆ ಹೋಗುತ್ತಾರೆ. ಹ್ಯೂ ಮೀಹನ್ ಎಂಬ ಸಮಾಜಶಾಸ್ತ್ರಜ್ಞರು 1979ರಲ್ಲೇ ಈ ಮೂರು ಹಂತದ ಮಾತುಕತೆಯನ್ನು ಗುರುತಿಸಿ ಬರೆದಿದ್ದರು. ದೂರದಿಂದ ಇದೂ ಚರ್ಚೆಯ ಹಾಗೇ ಕಾಣುತ್ತದೆ. ಆದರೆ ಇಲ್ಲಿ ಉತ್ತರ ಟೀಚರಿಗೆ ಮೊದಲೇ ಗೊತ್ತು. ಮೊದಲೇ ಗೊತ್ತಿರುವ ಉತ್ತರಕ್ಕೆ ಆಧಾರ ಕೊಡುವ ಅಗತ್ಯವೇ ಬರುವುದಿಲ್ಲ, ಅಲ್ವಾ?

ಓದಿದ ಪಾಠದಿಂದ ಆಧಾರ ತೆಗೆದು, ಅದರ ಮೇಲೆ ಮಾತು ಕಟ್ಟುವುದನ್ನು ಮಕ್ಕಳಿಗೆ ಕಲಿಸುವುದು ಹೇಗೆ? ಅದರಲ್ಲಿ ಮೊಬೈಲ್ ಎಲ್ಲಿ ಬರುತ್ತದೆ? ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಚರ್ಚೆ ಶುರುವಾಗುವ ಮೊದಲು ಮೊಬೈಲಿನಿಂದ ತುಂಬಾ ಉಪಯೋಗ ಇದೆ. ಮುಗಿದ ಮೇಲೆ ಸ್ವಲ್ಪ ಇದೆ. ಚರ್ಚೆ ನಡೆಯುತ್ತಿರುವಾಗ, ಒಂದೆರಡು ಸಂದರ್ಭ ಬಿಟ್ಟರೆ, ಅದು ಕೈಯಲ್ಲಿ ಇರಬಾರದು. ಆ್ಯಪ್ ಹಾಕಿದ ಕೂಡಲೇ ಕ್ಲಾಸು ಗೆಲುವಾಯಿತು ಅಂತ ಖುಷಿಪಡುವವರು ಈ ಮೂರು ಹೊತ್ತನ್ನು ಬೇರೆ ಬೇರೆಯಾಗಿ ನೋಡುವುದಿಲ್ಲ. ತೊಂದರೆ ಶುರುವಾಗುವುದು ಅಲ್ಲಿಂದಲೇ.

ಸಾಲು ಎತ್ತಿ ಹೇಳಿದರೆ ಮುಗಿಯಿತಾ?

ಮೊಬೈಲಿಗೆ ಹೋಗುವ ಮೊದಲು ಆಧಾರ ಅಂದರೆ ಏನು ಅಂತ ಸ್ವಲ್ಪ ನಿಧಾನವಾಗಿ ನೋಡಬೇಕು. ಇಷ್ಟು ಸ್ಪಷ್ಟವಾಗದೆ ಯಾವ ಆ್ಯಪ್ ತಂದರೂ ಪ್ರಯೋಜನ ಇಲ್ಲ.

ಒಂದು ಪುಟ್ಟ ಕತೆ ಕಟ್ಟಿಕೊಳ್ಳೋಣ. ಜಗಳ ಮಾಡಿ ಮನೆ ಬಿಟ್ಟುಹೋದ ಮಗನಿಂದ ಎಷ್ಟೋ ವರ್ಷದ ಮೇಲೆ ತಾಯಿಗೆ ಒಂದು ಕಾಗದ ಬರುತ್ತದೆ. ಅವಳು ಅದನ್ನು ಒಡೆಯುವುದಿಲ್ಲ. ಗೋಡೆ ಗಡಿಯಾರದ ಹಿಂದೆ ಸಿಕ್ಕಿಸಿ ಇಡುತ್ತಾಳೆ. ಪಕ್ಕದ ಮನೆಯವಳು ‘ಯಾರ ಕಾಗದ?’ ಅಂತ ಕೇಳಿದರೆ ‘ಯಾರದ್ದೋ, ವಿಳಾಸ ತಪ್ಪಿ ಬಂದಿದೆ’ ಅನ್ನುತ್ತಾಳೆ. ಮುಂದೆ ಅವಳು ಮನೆ ಬದಲಿಸುವ ದಿನ ಬರುತ್ತದೆ. ಸಾಮಾನೆಲ್ಲ ಲಾರಿಗೆ ಹೋಗುತ್ತದೆ. ಗಡಿಯಾರವನ್ನು ಮಾತ್ರ ಅವಳು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾಳೆ. ಕತೆ ಇಷ್ಟೇ. ತರಗತಿಗೆ ಪ್ರಶ್ನೆ: ಈ ತಾಯಿ ಮಗನನ್ನು ಕ್ಷಮಿಸಿದ್ದಾಳಾ?

ಒಬ್ಬ ವಿದ್ಯಾರ್ಥಿ ‘ಕ್ಷಮಿಸಿಲ್ಲ’ ಅನ್ನುತ್ತಾನೆ. ಅದು ಅಭಿಪ್ರಾಯ. ‘ಯಾಕೆ?’ ಅಂದರೆ ‘ಕಾಗದ ಒಡೆಯಲೇ ಇಲ್ವಲ್ಲ’ ಅನ್ನುತ್ತಾನೆ. ಅದು ಆಧಾರ. ‘ವೆರಿ ಗುಡ್, ಟೆಕ್ಸ್ಟಿಂದ ಆಧಾರ ಕೊಟ್ಟೆ’ ಅಂತ ಟೀಚರ್ ಇಲ್ಲೇ ನಿಲ್ಲಿಸಿಬಿಡುವುದು ಸುಲಭ. ಆದರೆ ಕಾಗದ ಒಡೆಯದಿರುವುದಕ್ಕೂ ಕ್ಷಮಿಸದಿರುವುದಕ್ಕೂ ಏನು ಸಂಬಂಧ? ಅದನ್ನು ಅವನು ಹೇಳಿಲ್ಲ. ಹಿಂದಿನ ಬೆಂಚಿನ ಹುಡುಗಿ ಅದೇ ಸಾಲನ್ನು ಹಿಡಿದುಕೊಂಡು ಉಲ್ಟಾ ಹೇಳಬಹುದು: ‘ಕ್ಷಮಿಸಿದ್ದಾಳೆ ಮಿಸ್. ಕೋಪ ಇದ್ದಿದ್ರೆ ಹರಿದು ಹಾಕ್ತಿದ್ಲು. ಒಡೆದ್ರೆ ಒಳಗೆ ಏನಿರುತ್ತೋ ಅನ್ನೋ ಹೆದರಿಕೆ ಅವಳಿಗೆ.’ ಸಾಲು ಒಂದೇ, ಅಭಿಪ್ರಾಯ ಎರಡು. ಸಾಲಿನಿಂದ ಅಭಿಪ್ರಾಯಕ್ಕೆ ಹಾಕಿದ ಕೊಂಡಿ ಮಾತ್ರ ಬೇರೆ.

ಬ್ರಿಟಿಷ್ ತತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ಒಳರಚನೆಯನ್ನು ಬಿಡಿಸಿ ತೋರಿಸಿದಾಗ ಒತ್ತಿ ಹೇಳಿದ ಭಾಗಗಳಲ್ಲಿ ಈ ಕೊಂಡಿಯೂ ಒಂದು. ದಿನನಿತ್ಯದ ಮಾತಿನಲ್ಲಿ ಇದನ್ನು ನಾವು ಬಾಯಿಬಿಟ್ಟು ಹೇಳುವುದೇ ಅಪರೂಪ. ಕೇಳುವವರಿಗೆ ಗೊತ್ತಿದೆ ಅಂದುಕೊಂಡು ಬಿಟ್ಟುಬಿಡುತ್ತೇವೆ. ಟೂಲ್ಮಿನ್ ಇನ್ನೂ ಕೆಲವು ಭಾಗಗಳನ್ನು ಹೇಳಿದ್ದಾರೆ: ಕೊಂಡಿಗೆ ಹಿಂದಿನಿಂದ ಸಿಗುವ ಬೆಂಬಲ, ಎಷ್ಟು ಖಚಿತ ಅನ್ನುವ ಅಳತೆ, ಈ ಮಾತು ಯಾವಾಗ ನಿಲ್ಲುವುದಿಲ್ಲ ಅನ್ನುವ ಷರತ್ತು. ಹೈಸ್ಕೂಲಿಗೆ ಅಷ್ಟೂ ಒಟ್ಟಿಗೆ ಬೇಡ. ಅಭಿಪ್ರಾಯ, ಸಾಲು, ಕೊಂಡಿ ಸಾಕು. ಆಮೇಲೆ ಬೇಕಾದರೆ ‘ಬಹುಶಃ’ ಅನ್ನುವ ಪದ ಯಾವಾಗ ಹಾಕಬೇಕು ಅಂತ ಕಲಿಸಬಹುದು. ಹದಿನೈದರ ಹುಡುಗರಿಗೆ ಅದನ್ನು ಹೇಳಿಕೊಡುವುದು ಸುಲಭ ಅಲ್ಲ. ಅವರಿಗೆ ಎಲ್ಲವೂ ನೂರಕ್ಕೆ ನೂರು ಖಚಿತ!

ಇದನ್ನು ಇಷ್ಟು ಹಿಗ್ಗಿಸಿ ಹೇಳಿದ್ದಕ್ಕೆ ಕಾರಣ ಇದೆ. ಮೊಬೈಲಿನ ಆ್ಯಪುಗಳು ಅಭಿಪ್ರಾಯವನ್ನು ಚೆನ್ನಾಗಿ ಕೂಡಿಹಾಕುತ್ತವೆ, ಸಾಲನ್ನೂ ಕೂಡಿಹಾಕುತ್ತವೆ. ಕೊಂಡಿ ಹಾಕುವ ಕೆಲಸ ಮಾತ್ರ ಇನ್ನೊಬ್ಬ ಮನುಷ್ಯ ಎದುರು ಕೂತು ‘ಅದು ಹೇಗೆ?’ ಅಂತ ಕೇಳಿದಾಗಲೇ ನಡೆಯುವುದು. ಮೊದಲ ಎರಡಕ್ಕೆ ತಗಲುವ ಹೊತ್ತನ್ನು ಮೊಬೈಲ್ ಉಳಿಸಿಕೊಟ್ಟರೆ ಮೂರನೆಯದಕ್ಕೆ ಹೊತ್ತು ಸಿಗುತ್ತದೆ. ನನ್ನ ಪ್ರಕಾರ ಮೊಬೈಲ್ ತರಗತಿಗೆ ಬರಲು ಇದೊಂದೇ ಒಳ್ಳೆಯ ಕಾರಣ.

ಬಾಯಿ ತೆರೆಯುವ ಮೊದಲು

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ಒಂದು ವಿಷಯ ಕಂಡುಕೊಂಡರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಕಾಯುವುದು ಹೆಚ್ಚುಕಡಿಮೆ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಬೇರೆಯವರನ್ನು ಕೇಳುತ್ತಾರೆ, ಇಲ್ಲವೇ ತಾವೇ ಹೇಳಿಬಿಡುತ್ತಾರೆ. ಆ ಒಂದು ಸೆಕೆಂಡನ್ನು ಮೂರಕ್ಕೆ ಏರಿಸಿದಾಗ ಉತ್ತರಗಳು ಉದ್ದವಾದವು. ‘ಗೊತ್ತಿಲ್ಲ’ ಅನ್ನುವುದು ಕಡಿಮೆಯಾಯಿತು. ಆಧಾರ ಕೊಟ್ಟು ಹೇಳುವುದು ಹೆಚ್ಚಿತು. ಹೆಚ್ಚು ಮಕ್ಕಳು ಮಾತಾಡಿದರು.

ಮೂರು ಸೆಕೆಂಡು ಕಾಯುವುದು ಏನು ಮಹಾ ಅನ್ನಿಸಬಹುದು. ಮಾಡಿ ನೋಡಿ, ಆ ಮೌನ ತಡೆಯಲಾಗುವುದಿಲ್ಲ. ಮೊಬೈಲ್ ಇಲ್ಲಿ ಕೈಹಿಡಿಯುತ್ತದೆ. ಎಲ್ಲರೂ ಮೊದಲು ಟೈಪ್ ಮಾಡಬೇಕು ಅಂದಾಗ ಮೂರು ಸೆಕೆಂಡಿನ ಬದಲು ಮೂರು ನಿಮಿಷ ತಾನಾಗಿ ಸಿಗುತ್ತದೆ. ಯಾರಿಗೂ ಮುಜುಗರ ಇಲ್ಲ. ಚಟ್ಟನೆ ಕೈಯೆತ್ತುವ ನಾಲ್ಕು ಜನರ ಜೊತೆ, ಯಾವತ್ತೂ ಕೈಯೆತ್ತದ ಮಕ್ಕಳೂ ಏನೋ ಒಂದು ಬರೆದಿರುತ್ತಾರೆ. ಕಾಗದದ ಚೀಟಿಯಲ್ಲಿ ಇದನ್ನು ಮಾಡಲು ಬರುವುದಿಲ್ಲವಾ? ಖಂಡಿತ ಬರುತ್ತದೆ. ಆದರೆ ನಲವತ್ತು ಚೀಟಿಯನ್ನು ಟೀಚರ್ ಆಗಲೇ ಓದಿ, ಗೋಡೆಯ ಮೇಲೆ ಎಲ್ಲರಿಗೂ ತೋರಿಸಲು ಆಗುವುದಿಲ್ಲ. ಆ ವ್ಯತ್ಯಾಸ ಸಣ್ಣದಲ್ಲ.

ಏನು ಬರೆಸಬೇಕು? ಗೂಗಲ್ ಫಾರ್ಮ್ ಆಗಲಿ, ಎಲ್ಲರೂ ಬರೆದದ್ದು ಒಂದೇ ಪರದೆಯಲ್ಲಿ ಕಾಣುವ ಪ್ಯಾಡ್ಲೆಟ್ ಗೋಡೆ ಆಗಲಿ, ಮೂರೇ ಸಾಲಿನ ಜಾಗ ಸಾಕು. ಮೊದಲಿಗೆ ಪುಟದ ಸಂಖ್ಯೆ ಮತ್ತು ಸಾಲು. ಆಮೇಲೆ ಈ ಸಾಲು ಓದಿದಾಗ ಏನನ್ನಿಸಿತು ಅನ್ನುವುದು. ಕೊನೆಗೆ ಯಾಕೆ ಹಾಗನ್ನಿಸಿತು ಅನ್ನುವುದು. ಈ ಕ್ರಮ ಮುಖ್ಯ. ‘ಅಭಿಪ್ರಾಯ ಬರೆದು ಆಧಾರ ಕೊಡಿ’ ಅಂತ ಕೇಳುವುದು ವಾಡಿಕೆ. ಹಾಗೆ ಕೇಳಿದರೆ ಮಕ್ಕಳು ಮೊದಲು ತೀರ್ಮಾನ ಮಾಡಿ, ಆಮೇಲೆ ಅದಕ್ಕೆ ಹೊಂದುವ ಸಾಲು ಹುಡುಕಲು ಹೊರಡುತ್ತಾರೆ. ಹೊಂದದ ಸಾಲು ಕಣ್ಣಿಗೆ ಬಿದ್ದರೂ ಪುಟ ತಿರುಗಿಸುತ್ತಾರೆ. ಸಾಲಿನಿಂದ ಶುರು ಮಾಡಿಸಿದರೆ ಪುಸ್ತಕ ಮೊದಲು ಮಾತಾಡುತ್ತದೆ.

ಎಲ್ಲರೂ ಬರೆದು ಮುಗಿಸುವ ತನಕ ಯಾರದ್ದೂ ಯಾರಿಗೂ ಕಾಣಬಾರದು. ಪ್ಯಾಡ್ಲೆಟ್‌ನಲ್ಲಿ ಟೀಚರ್ ಒಪ್ಪಿದ ಮೇಲೆ ಮಾತ್ರ ಕಾಣುವ ಹಾಗೆ ಇಡಬಹುದು. ಮತ, ಉತ್ತರ ಕೂಡಿಸುವ ಮೆಂಟಿಮೀಟರ್‌ನಲ್ಲಿ ಉತ್ತರಗಳನ್ನು ಮರೆಮಾಡಿ ಆಮೇಲೆ ತೋರಿಸಬಹುದು. ಇದೊಂದು ಸಣ್ಣ ಸೆಟ್ಟಿಂಗ್. ಮರೆತರೆ ಮೊದಲು ಬಂದ ಎರಡು ಉತ್ತರಗಳ ಹಿಂದೆ ಉಳಿದವರೆಲ್ಲ ಸಾಲುಗಟ್ಟುತ್ತಾರೆ. ಮಕ್ಕಳ ಗುಂಪು ಮಾತನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಕೇಂಬ್ರಿಜ್‌ನ ನೀಲ್ ಮರ್ಸರ್ ಅದನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಬರೀ ಜಗಳ, ಬರೀ ಹೌದಪ್ಪಾ ಹೌದು, ಮತ್ತು ಒಬ್ಬರ ಮಾತನ್ನು ಇನ್ನೊಬ್ಬರು ಪರೀಕ್ಷಿಸುತ್ತಾ ಮುಂದೆ ಹೋಗುವುದು. ಆನ್‌ಲೈನ್ ಗೋಡೆಗಳು ಎರಡನೆಯ ಬಗೆಯ ಕಡೆಗೇ ಜಾರುತ್ತವೆ. ಒಂದು ಲೈಕ್ ಗುಂಡಿ ಇದ್ದರಂತೂ ಕೇಳುವುದೇ ಬೇಡ. ಅದನ್ನು ಆಫ್ ಮಾಡಿಡುವುದು ಒಳ್ಳೆಯದು.

ಫೋನಿನಲ್ಲಿ ಉದ್ದ ಬರೆಸಬೇಡಿ. ಹೆಬ್ಬೆರಳಲ್ಲಿ ಪ್ಯಾರಾಗ್ರಾಫ್ ಕುಟ್ಟುವುದು ಕಷ್ಟ. ಸ್ಪೆಲ್ಲಿಂಗ್ ತಿದ್ದುವ ಕೀಬೋರ್ಡ್ ಪಾತ್ರಗಳ ಹೆಸರನ್ನೇ ಬದಲಾಯಿಸಿಬಿಡುತ್ತದೆ. ಪುಸ್ತಕದ ಸಾಲಿನ ಕೆಳಗೆ ಪೆನ್ಸಿಲ್ ಎಳೆದು ಫೋಟೊ ತೆಗೆದು ಹಾಕಿದರೆ ಸಾಕು. ಆ ಪುಟವನ್ನು ನಿಜವಾಗಿ ತೆರೆದಿದ್ದಾರೆ ಅನ್ನುವುದಕ್ಕೂ ಅದು ಗುರುತು. ಮನೆಮಾತು ಇಂಗ್ಲಿಷ್ ಅಲ್ಲದ ಮಕ್ಕಳಿಗೆ ಇನ್ನೊಂದು ಅನುಕೂಲ ಇದೆ. ಒಂದು ನಿಮಿಷದ ವಾಯ್ಸ್ ನೋಟ್ ಅನ್ನು ಮೊದಲು ತಮ್ಮ ಭಾಷೆಯಲ್ಲಿ ಮಾಡಿಕೊಂಡು, ಕೇಳಿಸಿಕೊಂಡು, ಆಮೇಲೆ ಇಂಗ್ಲಿಷಿನಲ್ಲಿ ಹೇಳಬಹುದು. ಯೋಚನೆ ಒಂದು ಕೆಲಸ, ಇಂಗ್ಲಿಷ್ ವಾಕ್ಯ ಕಟ್ಟುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಉಸಿರಿಗೆ ಮಾಡು ಅಂದರೆ ಯೋಚನೆಯೇ ಹಿಂದೆ ಉಳಿಯುವುದು.

ಪಾಠ ಫೈಲಿನ ರೂಪದಲ್ಲಿ ಇದ್ದರೆ ಎಲ್ಲರೂ ಒಂದೇ ಪ್ರತಿಯ ಮೇಲೆ ಟಿಪ್ಪಣಿ ಬರೆಯಬಹುದು. ಹೈಪಾಥೆಸಿಸ್, ಪೆರೂಸಾಲ್ ಇದಕ್ಕೆಂದೇ ಇರುವ ಸಾಧನಗಳು. ಅವು ಸಣ್ಣ ಪರದೆಯಲ್ಲಿ ಸ್ವಲ್ಪ ತಿಣುಕಾಡಿಸುತ್ತವೆ. ಗೂಗಲ್ ಡಾಕ್ಸ್‌ನ ಕಾಮೆಂಟ್ ಸಹ ಸಾಕಾಗುತ್ತದೆ. ಇದರಿಂದ ಟೀಚರಿಗೆ ಒಂದು ಅಪರೂಪದ ನೋಟ ಸಿಗುತ್ತದೆ. ಪಾಠದ ಯಾವ ಭಾಗದಲ್ಲಿ ಜನ ಮುತ್ತಿಕೊಂಡಿದ್ದಾರೆ, ಯಾವ ಭಾಗ ಖಾಲಿ ಬಿದ್ದಿದೆ ಅನ್ನುವುದು ಒಂದೇ ಕಣ್ಣಿಗೆ ಕಾಣುತ್ತದೆ. ನಮ್ಮ ಕತೆಯಲ್ಲಿ ಎಲ್ಲರೂ ಒಡೆಯದ ಕಾಗದದ ಸಾಲಿಗೆ ಬಣ್ಣ ಹಚ್ಚಿದ್ದಾರೆ ಅಂದುಕೊಳ್ಳಿ. ಮಡಿಲಲ್ಲಿ ಗಡಿಯಾರ ಇಟ್ಟುಕೊಂಡ ಸಾಲನ್ನು ಒಬ್ಬರೂ ಮುಟ್ಟಿಲ್ಲ. ಚರ್ಚೆಗೆ ಇದಕ್ಕಿಂತ ಒಳ್ಳೆಯ ಬಾಗಿಲು ಬೇಕಾ? ‘ಈ ಸಾಲನ್ನ ಯಾರೂ ಎತ್ತಿಲ್ಲ. ನೀವು ಗೋಡೆ ಮೇಲೆ ಬರೆದಿರೋದು ಇದರ ಜೊತೆ ಹೊಂದುತ್ತಾ?’ ಇಷ್ಟು ಕೇಳಿ ಸುಮ್ಮನಾದರೆ ಸಾಕು.

ಇನ್ನು ಫೋನ್ ಒಳಗಿಡಿ

1930ರಲ್ಲಿ ಎಡ್ವರ್ಡ್ ಹಾರ್ಕ್‌ನೆಸ್ ಎಂಬ ಶ್ರೀಮಂತರು ಅಮೆರಿಕದ ಫಿಲಿಪ್ಸ್ ಎಕ್ಸೆಟರ್ ಅಕಾಡೆಮಿಗೆ ದೊಡ್ಡ ಮೊತ್ತದ ದಾನ ಕೊಟ್ಟರು. ಅದರಿಂದ ಅಲ್ಲಿ ಮೊಟ್ಟೆಯಾಕಾರದ ಒಂದು ಮೇಜಿನ ಸುತ್ತ ಹನ್ನೆರಡು ವಿದ್ಯಾರ್ಥಿಗಳು ಟೀಚರ್ ಜೊತೆ ಕೂತು ಮಾತಾಡುವ ಪದ್ಧತಿ ಶುರುವಾಯಿತು. ಮೇಜಿನ ಆಕಾರದ ಗುಟ್ಟು ಸರಳ. ಎಲ್ಲರಿಗೂ ಎಲ್ಲರ ಮುಖ ಕಾಣಬೇಕು. ಕೈಯಲ್ಲಿ ಫೋನ್ ಇದ್ದರೆ ಮುಖ ಕೆಳಗೆ ಬಗ್ಗಿರುತ್ತದೆ. ಅಲ್ಲಿಗೆ ಮೇಜು ಯಾವ ಆಕಾರದ್ದಾದರೇನು?

2017ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಸಂಶೋಧಕರು ಫೋನನ್ನು ಸೈಲೆಂಟ್ ಮಾಡಿ, ಮೇಜಿನ ಮೇಲೆ ಮಗುಚಿ ಇಟ್ಟವರನ್ನೂ, ಬ್ಯಾಗಿನಲ್ಲಿ ಇಟ್ಟವರನ್ನೂ, ಬೇರೆ ಕೋಣೆಯಲ್ಲಿ ಬಿಟ್ಟು ಬಂದವರನ್ನೂ ಹೋಲಿಸಿ ನೋಡಿದ್ದರು. ಗಮನ ಬೇಡುವ ಪರೀಕ್ಷೆಗಳಲ್ಲಿ ಬೇರೆ ಕೋಣೆಯಲ್ಲಿ ಬಿಟ್ಟವರೇ ಮುಂದಿದ್ದರು. ಆಮೇಲೆ ಇದೇ ಪ್ರಯೋಗ ಮಾಡಿದ ಎಲ್ಲರಿಗೂ ಅದೇ ಫಲಿತಾಂಶ ಸಿಕ್ಕಿಲ್ಲ. ಹಾಗಾಗಿ ಇದನ್ನೇ ಕೊನೆಯ ಮಾತು ಅನ್ನಬೇಕಿಲ್ಲ. ಆದರೂ ಬರೆಯುವ ಕೆಲಸ ಮುಗಿದ ಮೇಲೆ ಫೋನ್ ಬ್ಯಾಗಿಗೆ ಹೋಗಲಿ. ಬರೆದದ್ದು ಹೇಗೂ ಗೋಡೆಯ ಮೇಲಿದೆ, ಪುಸ್ತಕ ಕೈಯಲ್ಲಿದೆ.

ಇನ್ನು ಟೀಚರಿನ ಕೆಲಸ. ಅವರ ಬಾಯಲ್ಲಿ ನಾಲ್ಕೈದು ಮಾತು ಸದಾ ಇರಬೇಕು. ‘ಯಾವ ಸಾಲು ನೋಡಿ ಹಾಗೆ ಹೇಳ್ತೀಯ?’ ‘ಅದರಿಂದ ಇದು ಹೇಗೆ ಬರುತ್ತೆ?’ ‘ಅವಳು ಏನು ಹೇಳಿದ್ಲು, ನಿನ್ನ ಮಾತಲ್ಲಿ ಹೇಳು.’ ‘ಇದೇ ಸಾಲನ್ನ ಬೇರೆ ಥರ ಓದಿದವರು ಇದ್ದೀರಾ?’ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಲಾರೆನ್ ರೆಸ್ನಿಕ್ ಮತ್ತು ಸಂಗಡಿಗರು ಬೆಳೆಸಿದ ಪದ್ಧತಿಯ ತಿರುಳೂ ಇದೇ. ಮಾತಾಡುವವರು ಮೂರಕ್ಕೆ ಬದ್ಧರಾಗಿರಬೇಕು ಅನ್ನುತ್ತದೆ ಅದು: ಎದುರಿಗಿರುವ ಜನಕ್ಕೆ, ಸರಿಯಾದ ಮಾಹಿತಿಗೆ, ತರ್ಕಕ್ಕೆ. ಮೇರಿ ಬಡ್ ರೋ ಹೇಳಿದ ಇನ್ನೊಂದು ಮೌನವೂ ಇದೆ. ವಿದ್ಯಾರ್ಥಿ ಉತ್ತರ ಹೇಳಿ ನಿಲ್ಲಿಸಿದ ಮೇಲೆ ಟೀಚರ್ ಕಾಯುವ ಹೊತ್ತು ಅದು. ಅಲ್ಲಿ ‘ಗುಡ್’ ಅನ್ನದೆ ಮೂರು ಸೆಕೆಂಡು ನಿಂತರೆ, ಅದೇ ಹುಡುಗ ಇನ್ನೊಂದು ವಾಕ್ಯ ಸೇರಿಸುತ್ತಾನೆ, ಇಲ್ಲವೇ ಪಕ್ಕದವಳು ಶುರು ಮಾಡುತ್ತಾಳೆ. ಕೊಂಡಿ ಹುಟ್ಟುವುದು ಆ ಸಂದಿನಲ್ಲಿ. ಮೊದಲನೆಯ ಮೌನವನ್ನು ಫೋನ್ ಕೊಡುತ್ತದೆ. ಎರಡನೆಯದನ್ನು ಟೀಚರೇ ನಾಲಿಗೆ ಕಚ್ಚಿಕೊಂಡು ಕೊಡಬೇಕು.

ಎರಡು ಕಡೆ ಫೋನ್ ಹೊರಗೆ ಬರಬಹುದು ಅಂದೆ. ಒಂದು, ತರಗತಿ ದೊಡ್ಡದಿದ್ದು ಎರಡು ಸುತ್ತಾಗಿ ಕೂತಾಗ. ಒಳಗಿನ ಸುತ್ತಿನವರು ಮಾತಾಡುತ್ತಾರೆ. ಹೊರಗಿನ ಸುತ್ತಿನವರು ಬಾಯಿ ತೆರೆಯದೆ, ಆ ಮಾತಿಗೆ ಬೆಂಬಲ ಕೊಡುವ ಅಥವಾ ಅದನ್ನು ಬೀಳಿಸುವ ಸಾಲನ್ನು ಪುಸ್ತಕದಲ್ಲಿ ಹುಡುಕಿ ಗೋಡೆಗೆ ಕಳಿಸುತ್ತಾರೆ. ಅಭಿಪ್ರಾಯ ಬೇಡ, ಸಾಲು ಮಾತ್ರ. ಸುಮ್ನೆ ನೋಡುತ್ತಾ ಕೂರಬೇಕಾದವರಿಗೆ ಕೆಲಸ ಸಿಗುತ್ತದೆ. ಮಾತು ಗಾಳಿಯಲ್ಲಿ ತೇಲಿದಾಗ ಗೋಡೆಯ ಕಡೆ ನೋಡಿ ಮತ್ತೆ ಪುಸ್ತಕಕ್ಕೆ ಇಳಿಯಬಹುದು.

ಎರಡನೆಯದು ಎರಡು ಸಲ ಮತ ಹಾಕುವುದು. ಹಾರ್ವರ್ಡಿನ ಎರಿಕ್ ಮಜೂರ್ 1991ರ ಸುಮಾರಿಗೆ ಭೌತಶಾಸ್ತ್ರದ ಪಾಠದಲ್ಲಿ ಇದನ್ನು ಶುರು ಮಾಡಿದರು. ಪ್ರಶ್ನೆಗೆ ಎಲ್ಲರೂ ಉತ್ತರ ಆರಿಸುತ್ತಾರೆ. ಪಕ್ಕದವರ ಜೊತೆ ವಾದ ಮಾಡುತ್ತಾರೆ. ಮತ್ತೆ ಆರಿಸುತ್ತಾರೆ. ಭೌತಶಾಸ್ತ್ರದಲ್ಲಿ ಎರಡನೇ ಸಲ ಹೆಚ್ಚು ಜನ ಸರಿ ಉತ್ತರಕ್ಕೆ ಬಂದರೆ ಕೆಲಸ ಆಯಿತು. ಸಾಹಿತ್ಯದಲ್ಲಿ ಹಾಗಲ್ಲ. ತಾಯಿ ಕ್ಷಮಿಸಿದ್ದಾಳೆ ಅಂತ ಮೊದಲು ಹತ್ತು ಜನ, ಆಮೇಲೆ ಇಪ್ಪತ್ತು ಜನ ಅಂದರೆ ಅದರಿಂದ ಕತೆಯ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಇಲ್ಲಿ ಸಂಖ್ಯೆ ಗೌಣ. ಮನಸ್ಸು ಬದಲಿಸಿದವರನ್ನು ಹುಡುಕಿ ‘ಯಾವ ಸಾಲು ನಿನ್ನನ್ನ ಆ ಕಡೆಗೆ ಎಳೀತು?’ ಅಂತ ಕೇಳುವುದಕ್ಕಾಗಿಯೇ ಎರಡನೇ ಮತ. ಯಾರೂ ಬದಲಿಸದಿದ್ದರೆ ಅದೂ ಒಂದು ಸುದ್ದಿ. ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡಿಲ್ಲ, ಅಥವಾ ಪ್ರಶ್ನೆಯೇ ಸಪ್ಪೆ ಇತ್ತು.

ಮುಗಿದ ಮೇಲೆ

ಇದನ್ನು ಚುಟುಕಾಗಿ ಹೇಳಬಹುದು. ಒಂದು ಫೋನಿನಲ್ಲಿ ಹತ್ತು ನಿಮಿಷದ ಚರ್ಚೆ ರೆಕಾರ್ಡ್ ಮಾಡಿ, ಮರುದಿನ ಅದರ ಎರಡು ನಿಮಿಷ ಕೇಳಿಸಿ. ಎಷ್ಟು ಸಲ ಪುಸ್ತಕದ ಸಾಲು ಬಂತು, ಎಷ್ಟು ಸಲ ಒಬ್ಬರ ಮಾತಿಗೆ ಇನ್ನೊಬ್ಬರು ನೇರವಾಗಿ ಉತ್ತರಿಸಿದರು, ಎಷ್ಟು ಸಲ ಎಲ್ಲರೂ ಟೀಚರನ್ನೇ ನೋಡಿ ಮಾತಾಡಿದರು ಅಂತ ಮಕ್ಕಳೇ ಎಣಿಸಲಿ. ಯಾರು ಎಷ್ಟು ಹೊತ್ತು ಮಾತಾಡಿದರು, ಮಾತು ಯಾರಿಂದ ಯಾರಿಗೆ ಹೋಯಿತು ಅಂತ ಗೆರೆ ಎಳೆದು ತೋರಿಸುವ ಈಕ್ವಿಟಿ ಮ್ಯಾಪ್ಸ್‌ನಂಥ ಆ್ಯಪುಗಳೂ ಇವೆ. ಅದೇ ಇಬ್ಬರು ಹುಡುಗರ ನಡುವೆ ಗೆರೆಗಳು ದಪ್ಪವಾಗಿರುವುದನ್ನು ನೋಡಿದ ಮೇಲೆ ಟೀಚರ್ ಭಾಷಣ ಮಾಡಬೇಕಾಗಿಲ್ಲ. ರೆಕಾರ್ಡ್ ಮಾಡುವ ಮೊದಲು ಮಕ್ಕಳಿಗೂ ಮನೆಯವರಿಗೂ ಹೇಳಿ ಒಪ್ಪಿಗೆ ಪಡೆಯಬೇಕು. ಕೆಲಸ ಮುಗಿದ ಮೇಲೆ ಅಳಿಸಬೇಕು.

ಯಾವ ಆ್ಯಪ್ ಒಳ್ಳೆಯದು?

ಎಲ್ಲರೂ ಮೊದಲು ಕೇಳುವುದು ಇದನ್ನೇ. ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬಾರದು. ಆ್ಯಪುಗಳು ಸಾಯುತ್ತವೆ. ತರಗತಿಯ ಚಾಟ್‌ಗೆ ಬಹಳ ಟೀಚರುಗಳು ನಂಬಿಕೊಂಡಿದ್ದ ಟುಡೇಸ್‌ಮೀಟ್ 2018ರಲ್ಲಿ ಮುಚ್ಚಿತು. ಗೂಗಲ್‌ನ ಜ್ಯಾಮ್‌ಬೋರ್ಡ್ 2024ರ ಕೊನೆಗೆ ನಿಂತಿತು. ವಿಡಿಯೊ ಉತ್ತರಗಳಿಗೆ ಹೆಸರಾಗಿದ್ದ ಫ್ಲಿಪ್‌ನ ಪ್ರತ್ಯೇಕ ಆ್ಯಪನ್ನು ಮೈಕ್ರೋಸಾಫ್ಟ್ ಅದೇ ವರ್ಷ ತೆಗೆದುಹಾಕಿತು. ಆ್ಯಪಿಗೆ ತಕ್ಕಂತೆ ಪಾಠ ಕಟ್ಟಿದವರು ಪ್ರತಿ ಸಲ ಹೊಸದಾಗಿ ಶುರು ಮಾಡಬೇಕಾಯಿತು. ‘ಎಲ್ಲರ ಸಾಲೂ ಒಂದೇ ಗೋಡೆಯ ಮೇಲೆ ಬರಬೇಕು’ ಅನ್ನುವ ಕೆಲಸವನ್ನು ಹಿಡಿದುಕೊಂಡವರಿಗೆ ಗೋಡೆ ಯಾವುದಾದರೂ ನಡೆಯುತ್ತದೆ. ಮಕ್ಕಳು ಖಾತೆ ತೆರೆಯದೆ ಬಳಸಬಹುದಾ, ಹಳೆಯ ಫೋನಿನಲ್ಲೂ ಓಡುತ್ತದಾ, ಬರೆದದ್ದನ್ನು ಇಳಿಸಿಟ್ಟುಕೊಳ್ಳಬಹುದಾ ಅಂತ ನೋಡಿದರೆ ಸಾಕು.

ಈಗಿನ ಆ್ಯಪುಗಳಲ್ಲಿ ಕಿಯಾಲೊ ಸ್ವಲ್ಪ ಬೇರೆ. ಒಂದು ಹೇಳಿಕೆಯ ಕೆಳಗೆ ಪರ ಮತ್ತು ವಿರೋಧದ ಮಾತುಗಳು ಕೊಂಬೆ ಕೊಂಬೆಯಾಗಿ ಬೆಳೆಯುತ್ತವೆ. ಪ್ರತಿ ಕೊಂಬೆಗೂ ಮತ್ತೆ ಪರ, ವಿರೋಧ. ಮಾತು ಯಾವುದರ ಮೇಲೆ ನಿಂತಿದೆ ಅನ್ನುವುದು ಕಣ್ಣಿಗೆ ಕಾಣುವುದರಿಂದ ಪ್ರಬಂಧ ಬರೆಯುವ ಮೊದಲು ಇದು ಚೆನ್ನಾಗಿದೆ. ಕವಿತೆ ಓದುವಾಗ ಇದನ್ನು ನಾನಾದರೆ ಬಳಸುವುದಿಲ್ಲ. ಒಳ್ಳೆಯ ಕವಿತೆಯ ಬಗ್ಗೆ ಮಾತು ಪರ, ವಿರೋಧ ಅಂತ ಎರಡೇ ಕಡೆಗೆ ಹೋಗುವುದಿಲ್ಲ.

ಮಕ್ಕಳ ಕೈಯಲ್ಲಿ ಫೋನೇ ಇಲ್ಲದಿದ್ದರೆ? ಈಗ ಇದು ಸಾಮಾನ್ಯ ಪರಿಸ್ಥಿತಿ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿ ಚಿಕ್ಕ ತರಗತಿಗಳಿಂದ ಸುಮಾರು ಹದಿನೈದು ವಯಸ್ಸಿನವರೆಗಿನ ಮಕ್ಕಳ ಶಾಲೆಗಳಲ್ಲಿ ಫೋನ್ ನಿಲ್ಲಿಸಿತು. ಯುನೆಸ್ಕೊದ 2023ರ ವರದಿ ಬಂದಾಗ ಶಾಲೆಯಲ್ಲಿ ಸ್ಮಾರ್ಟ್‌ಫೋನ್ ನಿಷೇಧಿಸಿದ್ದ ದೇಶಗಳು ನಾಲ್ಕರಲ್ಲಿ ಒಂದಕ್ಕಿಂತ ಕಡಿಮೆ. ಆಮೇಲೆ ಆ ಸಂಖ್ಯೆ ಏರಿದೆ. ಅಂಥ ಕಡೆ ಟೀಚರಿನ ಒಂದೇ ಫೋನ್ ಸಾಕು. ಪ್ಲಿಕರ್ಸ್ ಅನ್ನುವ ಆ್ಯಪಿನಲ್ಲಿ ಪ್ರತಿ ವಿದ್ಯಾರ್ಥಿಗೂ ಕಪ್ಪು ಬಿಳುಪು ಗುರುತಿನ ಒಂದು ಕಾಗದದ ಕಾರ್ಡು. ಕಾರ್ಡನ್ನು ಯಾವ ಕಡೆಗೆ ತಿರುಗಿಸಿ ಹಿಡಿದರು ಅನ್ನುವುದೇ ಉತ್ತರ. ಟೀಚರ್ ಕ್ಯಾಮೆರಾ ಒಂದು ಸುತ್ತು ಹಾಯಿಸಿದರೆ ಎಲ್ಲರ ಮತ ದಾಖಲಾಗುತ್ತದೆ. ನಾಲ್ಕು ಜನರ ಗುಂಪಿಗೆ ಶಾಲೆಯದ್ದೇ ಒಂದು ಟ್ಯಾಬ್ಲೆಟ್ ಕೊಡುವುದೂ ಇದೆ. ನನಗೆ ಅದು ಇನ್ನೂ ಇಷ್ಟ. ಒಂದೇ ಪರದೆಗೆ ಒಂದೇ ಸಾಲು ಹಾಕಬೇಕು ಅಂದಾಗ ಯಾವ ಸಾಲು ಅನ್ನುವುದಕ್ಕೇ ಮೊದಲ ಚರ್ಚೆ ಶುರುವಾಗಿರುತ್ತದೆ.

ಎಡವುವುದು ಎಲ್ಲಿ

ಮೊದಲನೆಯದು ಹುಡುಕು ಗುಂಡಿ. ಪಾಠ ಫೋನಿನಲ್ಲಿದ್ದರೆ ಮಕ್ಕಳು ‘ಕೋಪ’ ಅಂತ ಟೈಪ್ ಮಾಡಿ, ಸಿಕ್ಕ ಸಾಲನ್ನು ಅಂಟಿಸಿಬಿಡುತ್ತಾರೆ. ಒಳ್ಳೆಯ ಕತೆಯಲ್ಲಿ ಕೋಪದ ಜಾಗದಲ್ಲಿ ಕೋಪ ಅನ್ನುವ ಪದ ಇರುವುದೇ ಇಲ್ಲ. ಗಡಿಯಾರ ಇರುತ್ತದೆ. ಹಾಗಾಗಿ ಎತ್ತಿದ ಸಾಲಿನ ಹಿಂದಿನ ಮತ್ತು ಮುಂದಿನ ಒಂದೊಂದು ವಾಕ್ಯದಲ್ಲಿ ಏನಾಗುತ್ತಿದೆ ಅಂತಲೂ ಬರೆಯಬೇಕು ಅನ್ನುವ ನಿಯಮ ಇಡಿ.

ಎಐ ಚಾಟ್‌ಬಾಟುಗಳದ್ದು ಇನ್ನೂ ದೊಡ್ಡ ತಲೆನೋವು. ಕೇಳಿದರೆ ಅವು ಅಭಿಪ್ರಾಯ, ಸಾಲು, ಕೊಂಡಿ ಮೂರನ್ನೂ ಒಟ್ಟಿಗೆ ಬಡಿಸುತ್ತವೆ. ಕೆಲವೊಮ್ಮೆ ಪುಸ್ತಕದಲ್ಲಿ ಇಲ್ಲದೇ ಇರುವ ಸಾಲನ್ನು ಉದ್ಧರಣ ಚಿಹ್ನೆಯ ಒಳಗೆ ಇಟ್ಟು ಕೊಡುತ್ತವೆ. ಪುಟ ಸಂಖ್ಯೆ, ಪೆನ್ಸಿಲ್ ಗೆರೆಯ ಫೋಟೊ ಕೇಳುವುದರಿಂದ ಇದನ್ನು ಬಹುಮಟ್ಟಿಗೆ ತಡೆಯಬಹುದು. ಇನ್ನೊಂದು ದಾರಿ, ಚಾಟ್‌ಬಾಟಿನ ಉತ್ತರವನ್ನೇ ಗೋಡೆಗೆ ಹಾಕಿ ‘ಇದರಲ್ಲಿ ಯಾವ ಸಾಲು ಪುಸ್ತಕದಲ್ಲಿದೆ, ಯಾವುದು ಇಲ್ಲ?’ ಅಂತ ಬೇಟೆಗೆ ಬಿಡುವುದು. ಇನ್ನೊಬ್ಬರ ತಪ್ಪು ಹಿಡಿಯುವುದೆಂದರೆ ಆ ವಯಸ್ಸಿನವರಿಗೆ ಖುಷಿ. ಯಂತ್ರದ ತಪ್ಪಾದರೆ ಹೇಳಲೇಬೇಡಿ.

ಚರ್ಚೆ ಪಾಠ ಬಿಟ್ಟು ಹೊರಗಿನ ವಿಷಯಕ್ಕೆ ಹೋದಾಗ ಆಧಾರದ ಲೆಕ್ಕವೇ ಬದಲಾಗುತ್ತದೆ. ಕತೆಯಲ್ಲಿ ಸಾಲು ಇದೆ ಅಂದರೆ ಇದೆ. ವೆಬ್‌ಸೈಟಿನಲ್ಲಿ ಇದೆ ಅಂದರೆ, ಅದನ್ನು ಹಾಕಿದವರು ಯಾರು ಅಂತ ಕೇಳಬೇಕು. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಹತ್ತು ಇತಿಹಾಸಕಾರರು, ಸುದ್ದಿ ನಿಜವಾ ಅಂತ ಪರೀಕ್ಷಿಸುವ ಹತ್ತು ವೃತ್ತಿಪರ ಫ್ಯಾಕ್ಟ್ ಚೆಕರುಗಳು ಮತ್ತು 25 ಕಾಲೇಜು ವಿದ್ಯಾರ್ಥಿಗಳು ವೆಬ್‌ಸೈಟುಗಳನ್ನು ಹೇಗೆ ಅಳೆಯುತ್ತಾರೆ ಅಂತ ನೋಡಿದರು. ಇತಿಹಾಸಕಾರರು, ವಿದ್ಯಾರ್ಥಿಗಳು ಅದೇ ಪುಟವನ್ನು ಮೇಲಿಂದ ಕೆಳಕ್ಕೆ ಓದುತ್ತಾ, ಅದರ ಚೆಂದದ ವಿನ್ಯಾಸಕ್ಕೆ ಹಲವು ಸಲ ಮರುಳಾದರು. ಫ್ಯಾಕ್ಟ್ ಚೆಕರುಗಳು ಪುಟವನ್ನು ಬಿಟ್ಟು ಹೊರಗೆ ಹೋದರು. ಹೊಸ ಟ್ಯಾಬ್ ತೆರೆದು ‘ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ?’ ಅಂತ ಹುಡುಕಿದರು. ಕಡಿಮೆ ಹೊತ್ತಿನಲ್ಲಿ ಸರಿಯಾದ ತೀರ್ಮಾನಕ್ಕೆ ಬಂದವರು ಅವರೇ. ಇದನ್ನು ಕಲಿಸುವಾಗ ಫೋನ್ ಕೈಯಲ್ಲೇ ಇರಬೇಕು. ಸಣ್ಣ ಪರದೆಯಲ್ಲಿ ಟ್ಯಾಬಿನಿಂದ ಟ್ಯಾಬಿಗೆ ಹಾರುವುದು ಕಿರಿಕಿರಿ. ಆದರೂ ಮಕ್ಕಳು ಹೊರಗೆ ಸುದ್ದಿ ಓದುವುದು ಅದೇ ಪರದೆಯಲ್ಲಿ ತಾನೇ?

ಹೆಸರು ಕಾಣದ ಹಾಗೆ ಬರೆಸುವುದರಲ್ಲಿ ಲಾಭ, ನಷ್ಟ ಎರಡೂ ಇದೆ. ಅಂಜುವವರು ಬರೆಯುತ್ತಾರೆ, ಕುಚೇಷ್ಟೆಯವರೂ ಬರೆಯುತ್ತಾರೆ. ಮಕ್ಕಳಿಗೆ ಕಾಣದೆ ಟೀಚರಿಗೆ ಮಾತ್ರ ಹೆಸರು ಕಾಣುವ ಹಾಗೆ ಇಡುವುದು ಸರಿ.

ಕೊನೆಗೆ ಅಂಕದ ಪ್ರಶ್ನೆ. ಎಷ್ಟು ಪೋಸ್ಟ್ ಹಾಕಿದರು ಅಂತ ಎಣಿಸಿ ಅಂಕ ಕೊಡುವುದು ಆ್ಯಪುಗಳಿಂದಾಗಿ ತುಂಬಾ ಸುಲಭವಾಗಿದೆ. ಕೊಟ್ಟ ಮರುದಿನದಿಂದ ‘ನಾನೂ ಇದನ್ನು ಒಪ್ಪುತ್ತೇನೆ’ ಅನ್ನುವ ಪೋಸ್ಟುಗಳ ಮಳೆ. ಎಷ್ಟು ಮಾತಾಡಿದರು ಅನ್ನುವುದಕ್ಕೂ ಅಂಕ ಬೇಡ. ಅದರಿಂದ ಮಾತುಗಾರರಿಗೆ ಮಾತ್ರ ಲಾಭ. ಪೀರಿಯಡ್ಡಿನ ಕೊನೆಯ ಐದು ನಿಮಿಷ ಫೋನ್ ಮತ್ತೆ ತೆಗೆಸಿ, ಎರಡೇ ಪ್ರಶ್ನೆ ಕೇಳಿ. ‘ಇವತ್ತು ಇನ್ನೊಬ್ಬರು ಎತ್ತಿದ ಯಾವ ಸಾಲು ನಿನ್ನ ಓದಿಗೆ ತೊಂದರೆ ಕೊಟ್ಟಿತು?’ ‘ಅದಕ್ಕೆ ನಿನ್ನ ಉತ್ತರ ಏನು?’ ಅಂಕ ಕೊಡಲೇಬೇಕಾದರೆ ಇದಕ್ಕೆ ಕೊಡಿ. ಅಭಿಪ್ರಾಯ ಬದಲಾಗಿದ್ದರೂ ಪೂರ್ತಿ ಅಂಕ ಸಿಗಬಹುದು, ಬದಲಾಗದಿದ್ದರೂ ಸಿಗಬಹುದು. ಬಾಯಿ ಬಿಡದೆ ಕೇಳಿಸಿಕೊಂಡವಳಿಗೂ ಸಿಗಬಹುದು. ಇನ್ನೊಬ್ಬರ ಸಾಲನ್ನೇ ಗಮನಿಸದವರಿಗೆ ಮಾತ್ರ ಬರೆಯಲು ಏನೂ ಇರುವುದಿಲ್ಲ.